ಒಳಗೆ ಉಳಿಸಿದ ಬಟ್ಟೆ

ಮೊನ್ನೆ ಅಂಗಡಿಯ ಕೌಂಟರಿನ ಮೇಲೆ ಒಂದು ನೀಲಿ ಅಂಗಿ ಬಿಡಿಸಿ ಹಾಕಿದಾಗ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ಒಗೆದು ಮಡಚಿ ಕೊಟ್ಟ ಅಂಗಿ, ವಾಸನೆ ಉಳಿಯುವುದು ಹೇಗೆ? ನನ್ನ ಮೂಗನ್ನೇ ನಾನು ನಂಬಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೊಮ್ಮೆ ಮೂಸಿದೆ. ಇತ್ತು... ಕಾಲರಿನ ಹತ್ತಿರ, ಚೂರೇ ಚೂರು.

ಅದು ನಮ್ಮ ಅಂಗಡಿಯ ಟೈಲರಣ್ಣನ ಅಂಗಿ. ಕುಂದಾಪುರದ ಈ ಬಟ್ಟೆ ಅಂಗಡಿಯಲ್ಲಿ ನಾನು ಸೀರೆ ವಿಭಾಗಕ್ಕೆ ಸೇರುವ ಎಷ್ಟೋ ಮೊದಲಿನಿಂದ ಅವರು ಮೆಟ್ಟಿಲಿನ ಕೆಳಗೆ ಮೆಷಿನ್ ಇಟ್ಟುಕೊಂಡು ಕೂತಿದ್ದರು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಅಂಗಿ ಟೈಟ್ ಮಾಡುವುದು, ಚೂಡಿದಾರಕ್ಕೆ ತೋಳು ಹಚ್ಚುವುದು, ಇವೆಲ್ಲ ಅವರ ಕೆಲಸ. ಕಳೆದ ಭಾನುವಾರ ನಾವುಂದ ಊರಿನ ಅವರ ಮನೆಗೆ ಹೋದಾಗ ಅವರ ಹೆಂಡತಿ ಈ ಅಂಗಿಯನ್ನು ನನ್ನ ಕೈಗಿಟ್ಟರು. "ಇವ್ರ್ ತಮ್ಮಂಗೆ ಆಪಾಂಗೆ ಲೂಸ್ ಮಾಡ್ಸಿ ಕೊಡ್ತ್ಯಾ ತಂಗಿ? ಅಂಗ್ಡಿಯಗೆ ಈಗ ಕಂಪನಿಯರ್ ಇದ್ರಲ್ದಾ," ಅಂದರು. ಅವರ ಮೈದುನನ ಮೈಗೆ ಆಗುವ ಹಾಗೆ ಸಡಿಲ ಮಾಡಿಸಿಕೊಡಲು ಹೂಂ ಅಂದೆ.

ನನಗೆ ಸಂಶಯ ಜಾಸ್ತಿ. ಮೀನು ಮಾರುವವಳು "ಈಗಷ್ಟೇ ಬಂದದ್" ಅಂದರೂ ಕಿವಿರು ಎತ್ತಿ ನೋಡುತ್ತೇನೆ. ಟೈಲರಣ್ಣನ ಮೇಲೂ ಮೊದಮೊದಲು ನನಗೆ ಸಂಶಯವೇ ಇತ್ತು. ಟೈಟ್ ಮಾಡಿದ ಮೇಲೆ ಉಳಿಯುವ ತುಂಡುಬಟ್ಟೆ ಎಲ್ಲಿಗೆ ಹೋಗುತ್ತದೆ? ಒಂದು ದಿನ ಕೇಳಿಯೇಬಿಟ್ಟೆ.

"ನಾನ್ ಕತ್ರಿಸೂದೇ ಇಲ್ಲ ಮಾರಾಯ್ತಿ, ತುಂಡ್ ಎಲ್ಲಿಂದ ಬರ್ಕ್?" ಅಂದರು. "ಒಳ್ಗೆ ಮಡ್ಚಿ ಬಿಡ್ತೆ. ಮನ್ಷ ಇವತ್ತ್ ಸಪೂರ, ನಾಳೆ ದಪ್ಪ. ಕತ್ರಿಸ್ರೆ ವಾಪಾಸ್ ಬತ್ತಾ?"

ನಂಬದೆ ಅವರು ಹೊಲಿದ ನಾಲ್ಕಾರು ಬಟ್ಟೆಗಳನ್ನು ಒಳಮಗ್ಗುಲು ಮಾಡಿ ನೋಡಿದೆ. ನಿಜ ಹೇಳಿದ್ದರು. ಅವರೂ ನನ್ನ ಜಾತಿಯವರೇ, ಯಾರನ್ನೂ ನಂಬುತ್ತಿರಲಿಲ್ಲ. ಗಿರಾಕಿ ಬಾಯಲ್ಲಿ ಹೇಳಿದ ಸೊಂಟದ ಅಳತೆಯನ್ನಂತೂ ಒಂದು ದಿನವೂ ಒಪ್ಪಿದವರಲ್ಲ. "ಎದ್ರಿಗ್ ನಿಂತ್ಕಣಿ, ಕಾಂಬ" ಎಂದು ಟೇಪು ಹಿಡಿಯುವವರೇ.

ಹೀಗಿರುವಾಗ ಕಂಪನಿಯವರು ಬಂದರು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಟ್ಟೆ ಅಂಗಡಿಗಳಲ್ಲೆಲ್ಲ ಅವರದೊಂದು ಆಲ್ಟ್ರೇಶನ್ ಕೌಂಟರ್ ಇಡುವುದಂತೆ. ಗಿರಾಕಿ ಬಟ್ಟೆ ಕೊಟ್ಟರೆ ಚೀಟಿ ಅಂಟಿಸಿ, ಅಳತೆಯನ್ನು ಮೊಬೈಲಿಗೆ ಹಾಕಿ, ಸಂಜೆ ವ್ಯಾನಿನಲ್ಲಿ ಎಲ್ಲಿಗೋ ಕಳಿಸುವುದು. ತಯಾರಾದ ಮೇಲೆ ಮೆಸೇಜು ಬರುತ್ತದೆ. ಬಟ್ಟೆ ಸೆಂಟು ಹೊಡೆದ ಲಕೋಟೆಯಲ್ಲಿ ವಾಪಸಾಗುತ್ತದೆ. ನಮ್ಮ ಧಣಿ ಅವರ ಹತ್ತಿರ ನಗುನಗುತ್ತಾ ಮಾತಾಡುತ್ತಿದ್ದರು. ಧಣಿ ನಕ್ಕರೆ ಯಾರದೋ ಏನೋ ಹೋಗುತ್ತದೆ ಎಂದು ನಾನು ಅವತ್ತೇ ಅಂದುಕೊಂಡೆ.

ಟೈಲರಣ್ಣನನ್ನೂ ಕಂಪನಿಗೆ ಕರೆದರು, ಸುಳ್ಳು ಹೇಳಬಾರದು. ಅವರು ಕೇಳಿದ್ದು ಒಂದೇ ಮಾತು. "ಅಲ್ಲಿ ಮನ್ಷ ಎದ್ರಿಗ್ ನಿಂತ್ಕಂತ್ನಾ?" ಇಲ್ಲ, ಅಳತೆ ಮೊಬೈಲಿನಲ್ಲಿ ಬರುತ್ತದೆ ಅಂದರು. "ಹಂಗಾರೆ ನಂಗ್ ಬ್ಯಾಡ." ಧಣಿ ದೀಪಾವಳಿಯ ವ್ಯಾಪಾರ ಮುಗಿಯುವ ತನಕ ಇರಿ ಎಂದರು. ಅದರರ್ಥ ಎಲ್ಲರಿಗೂ ಗೊತ್ತಾಯಿತು.

ಅದೇ ದಿನಗಳಲ್ಲಿ ನನ್ನ ಗಂಡನ ಖಾಕಿ ಪ್ಯಾಂಟು ಮತ್ತೆ ಮತ್ತೆ ಟೈಲರಣ್ಣನ ಹತ್ತಿರ ಹೋಗುತ್ತಿತ್ತು. ಇವರು ಕೊಲ್ಲೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಸೊಂಟ ಸಡಿಲ ಎಂದು ಟೈಟ್ ಮಾಡಿಸಿದ್ದಾಯಿತು, ಪುನಃ ಸಡಿಲವಾಯಿತು. ಇನ್ನೊಂದು ಸಲ ಕೊಟ್ಟಾಗ ಟೈಲರಣ್ಣ ಪ್ಯಾಂಟನ್ನು ಮಡಿಲಲ್ಲಿ ಇಟ್ಟುಕೊಂಡು ಸೊಂಟದ ಹಳೆಯ ಹೊಲಿಗೆಗಳನ್ನು ಬೆರಳಲ್ಲಿ ಎಣಿಸಿದರು. "ನಿನ್ ಗಂಡನ್ ವಿಷ್ಯ ಒಂದ್ ಹೇಳೂದಿತ್ತ್ ತಂಗಿ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಗಿರಾಕಿ ಬಂದರು. ಮತ್ತೆ ಕೇಳಿದರೆ, "ಎಂತದಿಲ್ಲ, ಹೋಗ್" ಅಂದರು.

ಸಾಕಲ್ಲ ನನಗೆ! ಗಂಡ ಸಪೂರ ಆಗಿದ್ದಾರೆ. ಮೈಗೆ ಹಿಡಿಯುವ ಪ್ಯಾಂಟು ಬೇಕಂತೆ. ರಾತ್ರಿ ಎದ್ದೆದ್ದು ನೀರು ಕುಡಿಯಲು ಹೋಗುತ್ತಾರೆ, ಯಾರಿಗೋ ಫೋನು ಮಾಡಲಿಕ್ಕೇ ಇರಬೇಕು. ದಿನಾ ಆ ಬಸ್ಸಿಗೆ ಎಷ್ಟು ಹೆಂಗಸರು ಹತ್ತುವುದಿಲ್ಲ? ಟೈಲರಣ್ಣ ಏನನ್ನೋ ನೋಡಿದ್ದಾರೆ, ಮುಚ್ಚಿಡುತ್ತಿದ್ದಾರೆ. ನಾನು ಕಿಸೆ ತಡಕಿದೆ, ಅಂಗಿ ಮೂಸಿದೆ, ಫೋನು ನೋಡಿದೆ. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದರಿಂದ ಸಂಶಯ ಇನ್ನೂ ಬಲವಾಯಿತು.

ಟೈಲರಣ್ಣ ಪ್ಯಾಂಟನ್ನೂ ಕೊಡಲಿಲ್ಲ. ದಿನಾ "ಆಯ್ಲಿಲ್ಲ" ಎಂದೇ ಹೇಳಿದರು. ಒಂದು ದಿನ ಸಿಟ್ಟು ನೆತ್ತಿಗೇರಿ, ಅವರ ಮೆಷಿನ್ನಿನ ಮೇಲಿಂದ ಪ್ಯಾಂಟು ಎಳೆದುಕೊಂಡು ಕಂಪನಿಯ ಕೌಂಟರಿಗೆ ಒಯ್ದು ಹಾಕಿದೆ. ಅಲ್ಲಿನ ಹುಡುಗಿ ಚೀಟಿ ಅಂಟಿಸಲು ಹೊರಟಿದ್ದಳು. ಟೈಲರಣ್ಣ ಕುತ್ತಿಗೆಯಲ್ಲಿ ಟೇಪು ಇರುವಂತೆಯೇ ಎದ್ದು ಬಂದರು.

"ಅದನ್ನ್ ಟೈಟ್ ಮಾಡ್ಬೇಡ," ಅಂದರು. "ಟೈಟ್ ಮಾಡ್ರೆ ಯಾರಿಗೂ ಕಾಂತಿಲ್ಲ. ಲೂಸೇ ಇರ್ಲಿ. ಮೊದ್ಲ್ ಅವ್ರನ್ನ್ ಆಸ್ಪತ್ರಿಗ್ ಕರ್ಕಂಡ್ ಹೋಗ್."

"ಎಂತಕ್ಕೆ?"

"ಇಷ್ಟ್ ಬೇಗ ಮನ್ಷ ಸಪೂರ ಆಪುಕಾಗ. ಹೆಂಡ್ತಿ ಹತ್ರ ಹ್ಯಾಂಗ್ ಹೇಳೂದ್ ಅಂದೇಳಿ ಇಷ್ಟ್ ದಿನ ಸುಮ್ನಿದ್ದೆ."

ಮರುದಿನವೇ ಹೋದೆವು. ಶುಗರ್, ಅದೂ ಮಿತಿಮೀರಿ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಇಬ್ಬರಿಗೂ ಸರಿಯಾಗಿ ಬೈದರು. ಸತ್ಯ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ಹೆಂಗಸು ಯಾರೂ ಇಲ್ಲವಲ್ಲ! ಆಮೇಲೆ ಬಸ್ಸಿನಲ್ಲಿ ಬರುವಾಗ ಹೆದರಿಕೆಯಾಗಿ ಅವರ ಕೈ ಹಿಡಿದುಕೊಂಡೆ.

ಮಾತ್ರೆ, ಪಥ್ಯ ಸುರುವಾದ ಮೇಲೆ ಇವರಿಗೆ ಮೈ ವಾಪಸು ಬಂತು. ದೀಪಾವಳಿಯ ಹೊತ್ತಿಗೆ ಟೈಲರಣ್ಣ ಆ ಪ್ಯಾಂಟಿನ ಹಳೆಯ ಹೊಲಿಗೆಗಳನ್ನೆಲ್ಲ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಹೊರಗೆಳೆದು ಇಸ್ತ್ರಿ ಹಾಕಿ ಕೊಟ್ಟರು. ಅದೇ ಅವರು ಆ ಮೆಟ್ಟಿಲಿನ ಕೆಳಗೆ ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು. ಮೆಷಿನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ಆ ಜಾಗದಲ್ಲಿ ಈಗ ಆಳೆತ್ತರದ ಕನ್ನಡಿ ಇದೆ.

ಆಮೇಲೆ ಅವರು ನನಗೆ ಸಿಕ್ಕಿದ್ದು ಒಂದೇ ಸಲ, ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ. ಇದೇ ನೀಲಿ ಅಂಗಿ ಹಾಕಿದ್ದರು. "ಗಂಡ ಹ್ಯಾಂಗಿದ್ರ್? ದಪ್ಪ ಆಯ್ರಾ?" ಎಂದು ಕೇಳಿದರು. ನಾನು ಹೊಟ್ಟೆ ಬಂದಿದೆ ಅಂದೆ. ನಕ್ಕರು. ಅಂಗಿ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು, ಆಗಷ್ಟೇ ಅಳತೆ ತೆಗೆದು ಹೊಲಿದ ಹಾಗೆ. ಮನೆಯಲ್ಲಿ ಕೂತು ಟೈಲರಣ್ಣ ಆರಾಮಿದ್ದಾರೆ ಎಂದುಕೊಂಡು ಬಸ್ಸು ಹತ್ತಿದೆ. ಎಲ್ಲದಕ್ಕೂ ಸಂಶಯಪಡುವ ನನಗೆ ಅವತ್ತು ಒಂದು ಚೂರೂ ಸಂಶಯ ಬರಲಿಲ್ಲ...

ಮಳೆಗಾಲ ಮುಗಿಯುವುದರೊಳಗೆ ಟೈಲರಣ್ಣ ತೀರಿಕೊಂಡ ಸುದ್ದಿ ಬಂತು. ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ. ಗೊತ್ತಾಗುವಾಗ ತಡವಾಗಿತ್ತಂತೆ.

ಮೊನ್ನೆ ಕೌಂಟರಿನ ಹುಡುಗಿ ಅಂಗಿಯನ್ನು ಒಳಮಗ್ಗುಲು ಮಾಡಿ, "ಅಕ್ಕಾ, ಇದ್ರೊಳ್ಗೆ ಎಂತ ಇಷ್ಟ್ ಬಟ್ಟೆ?" ಎಂದು ಕೇಳಿದಳು. ಬಗ್ಗಿ ನೋಡಿದೆ. ಎರಡೂ ಬದಿಗೆ ಒಂದರ ಪಕ್ಕ ಒಂದು ಹೊಲಿಗೆ. ಹೊರಗಿನದಕ್ಕಿಂತ ಒಳಗಿನದು ಇನ್ನಷ್ಟು ಬಿಗಿ, ಅದಕ್ಕಿಂತ ಮುಂದಿನದು ಮತ್ತೂ ಬಿಗಿ. ತೋಳಿಗೂ ಹಾಗೆಯೇ. ಮೈ ಇಳಿದ ಹಾಗೆಲ್ಲ ತಮ್ಮ ಅಂಗಿಯನ್ನು ತಾವೇ ಟೈಟ್ ಮಾಡಿಕೊಂಡಿದ್ದರು. ಟೈಟ್ ಮಾಡಿದರೆ ಯಾರಿಗೂ ಕಾಣುವುದಿಲ್ಲ ಎಂದು ನನಗೆ ಹೇಳಿದ ಅದೇ ಮನುಷ್ಯ. ಆದರೆ ಎಲ್ಲೂ ಒಂದು ನೂಲಷ್ಟೂ ಕತ್ತರಿಸಿರಲಿಲ್ಲ.

ನನಗೆ ಅವರ ಮೇಲೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ಹುಡುಗಿ, "ಚೀಟಿ ಅಂಟಿಸ್ಲಾ ಅಕ್ಕ?" ಅಂದಳು. ಬೇಡ ಅಂದೆ. ಊಟದ ಬಿಡುವಿನಲ್ಲಿ ಕನ್ನಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಒಳಗಿನ ಬಟ್ಟೆ ಮಾಸಿರಲಿಲ್ಲ, ಅಂಗಡಿಯಿಂದ ಆಗಷ್ಟೇ ತಂದ ನೀಲಿ. ಎಲ್ಲ ಬಿಚ್ಚಿ ಮುಗಿಸಿ, ಅಂಗಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ಟೈಲರಣ್ಣ ಇಷ್ಟು ಅಗಲದ ಆಳಾಗಿದ್ದರು... ನನಗದು ಮರೆತೇ ಹೋಗಿತ್ತು.