ಮೀಟರ್ ಹೇಳಿದ್ದನ್ನು ಮುಳ್ಳಕ್ಕ ನಂಬುವುದಿಲ್ಲ

ಬೆಳಗಿನ ಆರು ಗಂಟೆ. ದಡಕ್ಕೆ ಕಟ್ಟಿದ ಹಳೆಯ ಮೋಟಾರ್ ಬೋಟಿನಲ್ಲಿ ಒಬ್ಬ ಹೆಂಗಸು ಅಂಗಾತ ಮಲಗಿದ್ದಾರೆ. ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಬಾಯಲ್ಲಿ ಟಾರ್ಚ್, ಎರಡೂ ಕಾಲು ದಡದ ಕಟ್ಟೆಯ ಮೇಲೆ. ಕಾಲು ಒಳಗೆಳೆದುಕೊಂಡರೆ ಬೋಟು ತಮ್ಮನ್ನು ಹೊತ್ತುಕೊಂಡು ಹೊರಟುಬಿಡುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಬೋಟನ್ನು ಎರಡು ಹಗ್ಗದಿಂದ ಕಟ್ಟಿದೆ. ಮೂರನೆಯದನ್ನು ಅವರೇ ಮನೆಯಿಂದ ತಂದಿದ್ದಾರೆ.

ಬೋಟಿನವರೆಲ್ಲ ಅವರನ್ನು ಮುಳ್ಳಕ್ಕ ಎನ್ನುತ್ತಾರೆ. ಬೋಟಿನ ಮೀಟರುಗಳ ಮುಳ್ಳಿಗೆ ಬುದ್ಧಿ ಕಲಿಸುವುದು ಅವರ ಕೆಲಸ. ಪೆಟ್ರೋಲ್ ಎಷ್ಟಿದೆ, ಎಂಜಿನ್ ಎಷ್ಟು ಕಾದಿದೆ, ಬ್ಯಾಟರಿ ಬದುಕಿದೆಯೇ ಎಂದು ಹೇಳಬೇಕಾದ ಆ ಗುಂಡು ಮುಖಗಳು ತೇವ ಕುಡಿದು ಕುಡಿದು ಏನೇನೋ ಮಾತಾಡತೊಡಗುತ್ತವೆ. ಒಂದು ಬೋಟಿನ ಪೆಟ್ರೋಲ್ ಮುಳ್ಳು ಮೂರು ವರ್ಷ ಟ್ಯಾಂಕ್ ಭರ್ತಿ ಎಂದೇ ತೋರಿಸುತ್ತಿತ್ತು. ಮಾಲೀಕರು ಅದನ್ನು ತಮ್ಮ ಒಳ್ಳೆಯತನಕ್ಕೆ ಸಿಕ್ಕ ಫಲ ಎಂದುಕೊಂಡಿದ್ದರು.

ಇವತ್ತಿನ ರೋಗಿ ಬೇರೆ ಥರದ್ದು. ಕೀಲಿ ತಿರುಗಿಸಿದ ಕೂಡಲೇ ಶಾಖದ ಮುಳ್ಳು ಚಂಗನೆ ಹಾರಿ ಕೆಂಪು ಗೆರೆಯ ಮೇಲೆ ಕೂರುತ್ತಿದೆ. ಎಂಜಿನ್ ಇನ್ನೂ ಶುರುವೇ ಆಗಿಲ್ಲ. ಏಳು ಗಂಟೆಗೆ ಇದೇ ಬೋಟಿನಲ್ಲಿ ಹದಿನಾಲ್ಕು ಜನ ಆಚೆ ದಡಕ್ಕೆ ಹೋಗಬೇಕು. ಅವರಲ್ಲಿ ಒಬ್ಬಳು ಮುಳ್ಳಕ್ಕನ ಮಗಳು, ಆಚೆ ಆಸ್ಪತ್ರೆಯ ನರ್ಸ್. ಹೊಳೆಯ ಕೆಳಗಡೆ ಅಣೆಕಟ್ಟೆಯ ಬಾಗಿಲು ತೆರೆದು ಮೂರು ದಿನವಾಗಿದೆ. ನಡುನೀರಿನಲ್ಲಿ ಎಂಜಿನ್ ನಿಂತರೆ ಬೋಟು ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಕಡೆಯಿಂದ ಬರುವ ಸದ್ದೇ ಸಾಕು.

"ಏನಕ್ಕಾ, ತಣ್ಣಗಿರೋ ಎಂಜಿನ್ನಿಗೆ ಜ್ವರ ಅಂತಿದ್ಯಲ್ಲ ಇದು?" ಎನ್ನುತ್ತಾರೆ ಬೋಟಿನ ಮಾಲೀಕರು. ಸದಾ ಟೋಪಿ ಹಾಕುವುದರಿಂದ ಅವರ ಹೆಸರು ಕ್ಯಾಪ್ಟನ್. ಬೋಟು ಓಡಿಸುವವರೂ ಅವರೇ.

"ತಡಿಯಣ್ಣ, ನಾಡಿ ನೋಡ್ತಿದೀನಿ."

ಎಂಜಿನ್ನಿಗೆ ಅಂಟಿದ ವೈರನ್ನು ಮುಳ್ಳಕ್ಕ ಬಿಚ್ಚುತ್ತಾರೆ. ಮುಳ್ಳು ಕೆಂಪಿನಲ್ಲೇ ಇದೆ. ಅದೇ ವೈರನ್ನು ಮೀಟರಿನ ಬೆನ್ನಿನಿಂದ ಬಿಚ್ಚುತ್ತಾರೆ. ಮುಳ್ಳು ತೆಪ್ಪಗೆ ಕೆಳಗಿಳಿಯುತ್ತದೆ. ಅಂದರೆ ತಪ್ಪು ನಡುವಿನ ವೈರಿನದು. ಎಲ್ಲೋ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗುತ್ತಿದೆ. ಹೊಸ ವೈರ್ ಎಳೆದು, ಬಿಗಿದು, ಕೀಲಿ ತಿರುಗಿಸಿದರೆ ಮುಳ್ಳು ತಣ್ಣಗೆ ಮಲಗಿರುತ್ತದೆ.

"ಮೀಟರಿನದೇ ಸುಳ್ಳು! ಹತ್ರಪ್ಪಾ ಎಲ್ರೂ," ಎಂದು ಕ್ಯಾಪ್ಟನ್ ಕೂಗುತ್ತಾರೆ.

"ಒಬ್ರೂ ಹತ್ಬೇಡಿ," ಎನ್ನುತ್ತಾರೆ ಮುಳ್ಳಕ್ಕ. "ಎಂಜಿನ್ ಶುರು ಮಾಡು, ಗೇರ್ ಹಾಕು. ಹಗ್ಗ ಬಿಚ್ಬೇಡ. ಹತ್ತು ನಿಮಿಷ ಇಲ್ಲೇ ಓಡ್ಲಿ."

"ಕಟ್ಟಿರೋ ಬೋಟನ್ನ ಓಡಿಸ್ಬೇಕಾ? ನಿಂತ ಜಾಗದಲ್ಲೇ ಊರು ಬರತ್ತಾ?"

ಈ ಹತ್ತು ನಿಮಿಷದ ಹಿಂದೆ ಹನ್ನೆರಡು ವರ್ಷದ ಹೆದರಿಕೆ ಇದೆ. ಮುಳ್ಳಕ್ಕ ಅಪ್ಪನ ಗಡಿಯಾರದ ಅಂಗಡಿಯಲ್ಲಿ ಕೆಲಸ ಕಲಿತವರು. ಜನ ಗಡಿಯಾರ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಬೋಟಿನ ಮೀಟರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹನ್ನೆರಡು ವರ್ಷದ ಹಿಂದೆ ಒಂದು ದಿನ ತಮ್ಮನ ಬೋಟಿನಲ್ಲಿ ಪೆಟ್ರೋಲ್ ಮುಳ್ಳು ಖಾಲಿ ಎಂದು ತೋರಿಸಿತು. ನೋಡಿದರೆ ಟ್ಯಾಂಕಿನ ಹತ್ತಿರ ವೈರ್ ತುಂಡಾಗಿತ್ತು. "ವೈರ್ ಹೋಗಿದೆ ಕಣೋ, ಅದಕ್ಕೇ ಹಾಗೆ ತೋರಿಸ್ತಿದೆ. ಸಂಜೆ ಹಾಕಿಕೊಡ್ತೀನಿ, ಹೋಗ್ಬಾ" ಎಂದರು ಅಕ್ಕ. ವೈರ್ ತುಂಡಾಗಿದ್ದು ನಿಜ. ಟ್ಯಾಂಕ್ ಖಾಲಿ ಇದ್ದದ್ದೂ ನಿಜ. ನಡುನೀರಿನಲ್ಲಿ ಎಂಜಿನ್ ನಿಂತು, ಅಣೆಕಟ್ಟೆಯ ಕಂಬವೊಂದನ್ನು ಎರಡು ಗಂಟೆ ತಬ್ಬಿಕೊಂಡಿದ್ದು ತಮ್ಮ ಬದುಕಿದ. ಈಗ ಪೇಟೆಯಲ್ಲಿ ಟೈಲರ್. ಅಂಗಡಿಗೆ ನಲ್ಲಿಯನ್ನೂ ಹಾಕಿಸಿಕೊಂಡಿಲ್ಲ.

"ದಿನಕ್ಕೆ ನಾಲ್ಕೈದು ಮೀಟರ್ ನೋಡ್ತೀನಿ," ಎನ್ನುತ್ತಾರೆ ಮುಳ್ಳಕ್ಕ. "ಹತ್ತರಲ್ಲಿ ಏಳಕ್ಕೆ ವೈರ್ ತುಕ್ಕು. ಎರಡಕ್ಕೆ ಮೀಟರೇ ಸತ್ತಿರತ್ತೆ. ಉಳಿದ ಒಂದು ನಿಜ ಹೇಳ್ತಿರತ್ತೆ ನೋಡಿ, ಅದರದ್ದೇ ಭಯ. ಯಾವುದು ಆ ಒಂದು ಅಂತ ಮುಖದ ಮೇಲೆ ಬರೆದಿರಲ್ಲ."

ಎಂಜಿನ್ ಕೆಮ್ಮಿ ಎದ್ದಿದೆ. ಬೋಟು ಹಗ್ಗ ಜಗ್ಗುತ್ತಿದೆ. ದಡದ ಮೇಲೆ ಹದಿನಾಲ್ಕು ಜನ ಗಡಿಯಾರ ನೋಡುತ್ತಿದ್ದಾರೆ.

"ಅಮ್ಮಾ, ಏಳೂ ಹತ್ತಾಯ್ತು. ರಾತ್ರಿ ಪಾಳಿಯೋರು ನನಗೋಸ್ಕರ ಕಾಯ್ತಿರ್ತಾರೆ. ನಿನ್ನ ಭಯಕ್ಕೆ ನಾನ್ಯಾಕೆ ಬೈಸ್ಕೋಬೇಕು?"

"ಬೈಸ್ಕೋ, ಮಗಳೇ."

ಮುಳ್ಳಕ್ಕ ಮೀಟರ್ ನೋಡುತ್ತಿಲ್ಲ. ಎಂಜಿನ್ನಿನ ಹಿಂದಿನ ಸಣ್ಣ ತೂತಿನಿಂದ ಬೀಳುವ ನೀರಿನ ಧಾರೆ ನೋಡುತ್ತಿದ್ದಾರೆ. ಎಂಜಿನ್ನನ್ನು ತಂಪು ಮಾಡಿ ಹೊರಬರುವ ನೀರು ಅದು. ಬೋಟಿನವರ ಭಾಷೆಯಲ್ಲಿ ಅದಕ್ಕೆ ಉಚ್ಚೆ ಎಂದೇ ಹೆಸರು. ಧಾರೆ ಬೆರಳಿನಷ್ಟಿತ್ತು. ಕಡ್ಡಿಯಷ್ಟಾಯಿತು. ದಾರವಾಯಿತು. ಎಂಟನೆಯ ನಿಮಿಷಕ್ಕೆ ಹನಿ. ಮುಳ್ಳು ಈಗ ಹಾರುವುದಿಲ್ಲ. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಮೇಲೇರುತ್ತಾ ಕೆಂಪನ್ನು ಮುಟ್ಟುತ್ತದೆ. ಕಟ್ಟೆಯ ತುದಿಯಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಣೆಕಟ್ಟೆಯ ಸದ್ದು ಮಾತ್ರ ಜೋರಾಗಿ ಕೇಳುತ್ತದೆ.

"ಆಫ್ ಮಾಡು!"

ಎಂಜಿನ್ನಿನ ಕೆಳಭಾಗ ಬಿಚ್ಚಿದರೆ, ನೀರೆಳೆಯುವ ರಬ್ಬರ್ ಚಕ್ರದ ಆರು ರೆಕ್ಕೆಗಳಲ್ಲಿ ನಾಲ್ಕು ಇಲ್ಲ. ಎಂಟು ನಿಮಿಷವೆಂದರೆ ಸರಿಯಾಗಿ ನಡುನೀರು. ಕ್ಯಾಪ್ಟನ್ ಟೋಪಿ ತೆಗೆದು ಅದರೊಳಗೆ ಇಣುಕಿ ನೋಡಿ, ಏನೂ ಸಿಗದೆ ಮತ್ತೆ ಹಾಕಿಕೊಳ್ಳುತ್ತಾರೆ.

ಇನ್ನೊಂದು ಬೋಟು ಬರುವಾಗ ಏಳೂ ಐವತ್ತು. ಅದನ್ನೂ ಮುಳ್ಳಕ್ಕ ಹತ್ತು ನಿಮಿಷ ಕಟ್ಟಿಹಾಕಿ ಓಡಿಸುತ್ತಾರೆ. ಆಗಲೇ ಹೆದರಿಕೆ ಮರೆತಿದ್ದ ಹದಿನಾಲ್ಕು ಜನಕ್ಕೂ ಪುನಃ ಬಾಯಿ ಬಂದಿದೆ. ಸಂಬಳ ಹಿಡಿದರೆ ಯಾರು ಕೊಡುತ್ತಾರೆ ಎಂದು ಒಬ್ಬರು, ಈ ಹೆಂಗಸಿಗೆ ಬೋಟು ಮುಟ್ಟಲು ಬಿಟ್ಟವರ್ಯಾರು ಎಂದು ಇನ್ನೊಬ್ಬರು. ಮಗಳು ಮುಖ ತಿರುಗಿಸಿಕೊಂಡೇ ಹತ್ತುತ್ತಾಳೆ. ಬೋಟು ಆಚೆ ದಡ ಮುಟ್ಟಿ ಬಿಳಿ ಸಮವಸ್ತ್ರವೊಂದು ಮೆಟ್ಟಿಲೇರುವವರೆಗೆ ಮುಳ್ಳಕ್ಕ ಕೂರುವುದಿಲ್ಲ. ಕುಳಿತ ಮೇಲೆ ಒಂದೇ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಮತ್ತೆ ಮತ್ತೆ ಒರೆಸುತ್ತಾರೆ.

ಅಷ್ಟು ಜನ ಬೈದರಲ್ಲ, ಬೇಜಾರಾಗಲಿಲ್ಲವೇ ಎಂದರೆ ಮುಳ್ಳಕ್ಕ ತಲೆಯೆತ್ತುತ್ತಾರೆ.

"ಬೈಲಿ ಬಿಡಿ. ದಡದ ಮೇಲೆ ನಿಂತು ಬೈತಿದ್ರಲ್ಲ, ಅದನ್ನ ಕೇಳೋಕೇ ನಾನು ಬೆಳಿಗ್ಗೆ ಎದ್ದು ಬರೋದು."