ಅಂಗಡಿ ಮೊಟ್ಟೆಗೆ ಕಾವು ಕೊಟ್ಟದ್ದು

ನಾನು ಮಾಡಿದ ಪೆದ್ದುತನವನ್ನು ಮೊಟ್ಟೆ ಮುಟ್ಟದ ಉಡುಪಿ ಮನೆಯವರಷ್ಟೇ ಮಾಡಬಲ್ಲರು. ನವಿ ಮುಂಬೈಯ ಪ್ರಯೋಗಾಲಯದಲ್ಲಿ ನನ್ನ ಕೆಲಸ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊಕಣಗಳು ಹೊಸ ರಕ್ತನಾಳ ಚಿಗುರಿಸುತ್ತವೆಯೇ ಎಂದು ನೋಡುವುದು. ಒಣಗದ ಹುಣ್ಣುಗಳಿಗೆ ಮುಂದೊಂದು ದಿನ ಅದು ಮದ್ದಾಗಲಿ ಎಂಬ ಆಸೆ. ಪರೀಕ್ಷೆ ನಡೆಯುವುದು ಕೋಳಿಮೊಟ್ಟೆಯಲ್ಲಿ. ಕಾವಿಗಿಟ್ಟು, ಚಿಪ್ಪಿಗೆ ಕಿಟಕಿ ಕೊರೆದು, ಒಳಪೊರೆಯ ಮೇಲೆ ಕಣಗಳನ್ನು ಸವರಿದ ಪುಟ್ಟ ಬಿಲ್ಲೆ ಇಡಬೇಕು.

ನಾನು ನಾವಿರುವ ಡೊಂಬಿವಲಿಯ ಕಿರಾಣಿ ಅಂಗಡಿಯಿಂದ ಎರಡು ಡಜನ್ ಮೊಟ್ಟೆ ಕೊಂಡುಹೋಗಿ ಎಂಟು ದಿನ ಕಾವು ಕೊಟ್ಟೆ. ಒಂದು ನಾಳವೂ ಕಾಣದಾಗ ಕಣಗಳನ್ನೇ ಬೈದೆ. ಪಕ್ಕದ ಮೇಜಿನ ಮುಂಬ್ರಾದ ಗೆಳತಿ ನೆಲದ ಮೇಲೆ ಕೂತು ನಕ್ಕಳು. ಹುಂಜ ಸೇರದೆ ಇಟ್ಟ ಅಂಗಡಿ ಮೊಟ್ಟೆ ಆಮ್ಲೆಟ್ಟಿಗೇ ಹೊರತು ಮರಿಗಲ್ಲವಂತೆ. ನನ್ನ ಸಂಶೋಧನೆಯ ಮಾರ್ಗದರ್ಶಕರು ಮಾತ್ರ ನಗಲಿಲ್ಲ. ಇನ್ನೊಂದೇ ಸಲ, ಆಗದಿದ್ದರೆ ವಿಷಯ ಬದಲಿಸು ಎಂದರು. ಎರಡು ವರ್ಷದ ಕೆಲಸ ನೀರುಪಾಲಾಗುತ್ತದೆಂದು ಮನೆಯಲ್ಲಿ ಅತ್ತುಬಿಟ್ಟೆ.

ಮರಿಯಾಗುವ ಮೊಟ್ಟೆ ಸಿಗುವುದು ಅಂಬರನಾಥದ ಆಚೆಯ ಕೋಳಿಮರಿ ಕೇಂದ್ರದಲ್ಲಿ. ಹೋಟೆಲು ನಡೆಸುವ ಅಪ್ಪ, ಉದ್ದಿನಬೇಳೆ ನೋಡಿ ಬರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿ ನನ್ನ ಜೊತೆ ಹೊರಟರು. ಮೊಟ್ಟೆಯ ಹೆಸರನ್ನೇ ಬಾಯಲ್ಲಿ ತರದ ಮನುಷ್ಯ, ಥರ್ಮೊಕೋಲ್ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಲೋಕಲ್ ರೈಲು ಹತ್ತಿದರು. ಕಲ್ಯಾಣದಲ್ಲಿ ಜನ ನುಗ್ಗಿದಾಗ ಇಡೀ ಬೋಗಿಗೆ ಕೇಳುವಂತೆ, "ಭಾಯ್, ಧಕ್ಕಾ ಮತ್ ಮಾರೋ, ಅಂಡಾ ಹೈ," ಎಂದರು; ತಳ್ಳಬೇಡಿ, ಮೊಟ್ಟೆಯಿದೆ ಅಂತ. ನನಗೆ ನಗು ತಡೆಯಲಾಗಲಿಲ್ಲ.

ಕಾವಿಗಿಟ್ಟ ಹನ್ನೊಂದನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹೋಲಿಕೆಗೆಂದು ಕಣಗಳಿಲ್ಲದ ಬರೀ ಬಿಲ್ಲೆ ಇಟ್ಟಲ್ಲಿ ನಾಲ್ಕಾರು ನಾಳಗಳು ಸುಮ್ಮನೆ ಹಾದುಹೋಗಿದ್ದವು. ಕಣಗಳಿದ್ದಲ್ಲಿ ಸುತ್ತಲಿಂದಲೂ ಕೆಂಪು ಎಳೆಗಳು ಕವಲೊಡೆದು ಬಿಲ್ಲೆಯ ಕಡೆಗೇ ಓಡಿಬಂದಿದ್ದವು. ಮುಂದಿನ ಮೊಟ್ಟೆಯಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆಳತಿಯ ಎರಡೂ ಕೈ ಹಿಡಿದು ಮೇಜುಗಳ ನಡುವೆ ಗಿರಗಿರ ತಿರುಗಿದೆ. ಮಾರ್ಗದರ್ಶಕರು ಬಂದು ನೋಡಿ, ಸರಿ, ಮುಂದುವರಿಸು ಎಂದರು. ತಕ್ಷಣ ಮೊಟ್ಟೆಯೊಳಗಿನ ವಿಡಿಯೋ ತೆಗೆದು ಅಪ್ಪನಿಗೆ ಕಳಿಸಿದೆ.

ಅವರೇ ಫೋನ್ ಮಾಡಿದರು. "ನಡುವೆ ಪಟಪಟ ಹೊಡ್ಕೊಳ್ತದಲ್ಲ, ಅದೆಂಥ ಮಗಾ?"

"ಹೃದಯ, ಅಪ್ಪ."

"ಮರಿ ಯಾವಾಗ ಹೊರಗೆ ಬರ್ತದೆ?"

"ಬರೂದಿಲ್ಲ. ನಾಳೆಗೆ ಪ್ರಯೋಗ ಮುಗೀತದೆ."

ಅಷ್ಟು ಕುಣಿದದ್ದಕ್ಕೆ ನನಗೆ ನಾಚಿಕೆಯಾಯಿತು.

"ಇನ್ನೆಷ್ಟು ಸಲ ತರ್ಬೇಕು?" ಎಂದು ಅಪ್ಪ ಕೇಳಿದರು.

"ಮೂರು ಸಲವಾದ್ರೂ ಬೇಕು."

"ಆಯ್ತು, ನಾನೇ ಬರ್ತೇನೆ," ಎಂದರು ಅಪ್ಪ. "ಆ ವಿಡಿಯೋ ಮಾತ್ರ ಅಮ್ಮನಿಗೆ ತೋರಿಸ್ಬೇಡ."