ಪೈಪಿಗೆ ಕಿವಿಯಿಟ್ಟವನು

ಆಂಡರ್ಸನ್‌ಪೇಟೆಯ ಇನ್ನಾಸಪ್ಪ ಮದುವೆಗೆ ಮುಂಚೆ ಸನ್ಯಾಸಿಯಾಗಬೇಕೆಂದು ಮನೆ ಬಿಟ್ಟು ಹೊರಟಿದ್ದ. ಒಂದು ಕ್ರೈಸ್ತ ಮಠದ ಬಾಗಿಲವರೆಗೂ ಹೋಗಿದ್ದ. ಅಷ್ಟರಲ್ಲಿ ಅಪ್ಪ ಚಿನ್ನದ ಗಣಿಯ ಧೂಳು ಕುಡಿದು ಹಾಸಿಗೆ ಹಿಡಿದ ಸುದ್ದಿ ಬಂತು. ಹಿಂತಿರುಗಿದವನು ಅಪ್ಪನ ಜಾಗದಲ್ಲೇ ಕೆಲಸಕ್ಕೆ ಸೇರಿ, ಸಗಾಯಮ್ಮನನ್ನು ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ. ಮಠದ ಬಾಗಿಲಲ್ಲಿ ಸಿಕ್ಕಿದ್ದ ಮುದಿ ಬ್ರದರ್ ಒಬ್ಬರು ಹೇಳಿಕೊಟ್ಟಿದ್ದು ಮಾತ್ರ ಅವನ ಜೊತೆ ಉಳಿಯಿತು. ಬೆನ್ನು ನೆಟ್ಟಗೆ ಮಾಡಿ ಕೂತುಕೋ, ಉಸಿರಿನ ಜೊತೆ ಯೇಸುವಿನ ಹೆಸರು ಹೇಳು, ಸ್ವಲ್ಪ ಹೊತ್ತಾದ ಮೇಲೆ ಹೆಸರನ್ನೂ ಬಿಟ್ಟು ಸುಮ್ಮನೆ ಕಿವಿಗೊಡು ಎಂದಿದ್ದರು.

ಇನ್ನಾಸಪ್ಪ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ರಾಗಿ ಡಬ್ಬದ ಪಕ್ಕ, ಗೋಣಿಚೀಲ ಹಾಸಿಕೊಂಡು ಬೆಳಗ್ಗೆ ಅರ್ಧ ಗಂಟೆ, ಪಾಳಿ ಮುಗಿಸಿ ಬಂದು ಅರ್ಧ ಗಂಟೆ ಕೂರುತ್ತಿದ್ದ. ಸಗಾಯಮ್ಮ ಅವನ ಸುತ್ತಲೇ ಓಡಾಡಿಕೊಂಡು ಅನ್ನ ಬಸಿಯುತ್ತಿದ್ದಳು. ಗಂಡ ಕೂತೇ ನಿದ್ದೆ ಹೊಡೆಯುತ್ತಾನೆಂದು ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು. ಆ ಮೌನದಲ್ಲಿ ಅವನಿಗೆ ದೊರೆಯುತ್ತಿದ್ದುದನ್ನು ಹೇಳಲು ಅವನಲ್ಲಿ ಮಾತಿರಲಿಲ್ಲ. ತುಂಬಿದ ಮನೆಯಲ್ಲಿ ಬೇಕಾದವರೊಬ್ಬರು ಮಾತಾಡದೆ ಪಕ್ಕದಲ್ಲಿ ಕೂತ ಹಾಗೆ ಇರುತ್ತದೆ ಎಂದು ಹೆಂಡತಿಗೆ ಒಮ್ಮೆ ಹೇಳಿದ್ದ, ಅಷ್ಟೆ.

ಸುರಂಗದ ಚಾವಣಿಗೆ ಮರದ ದಿಮ್ಮಿಗಳನ್ನು ಜೋಡಿಸಿ ಆಸರೆ ಕೊಡುವುದು ಅವನ ಕೆಲಸ. ಬಂಡೆ ಸಣ್ಣಗೆ ನರಳಿದರೂ ಅವನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅವನ ಕಿವಿಯ ಮೇಲೆ ಜೊತೆಯವರಿಗೆಲ್ಲ ಭಾರೀ ನಂಬಿಕೆ.

ಎಪ್ಪತ್ತಾರನೇ ಇಸವಿಯಲ್ಲಿ, ಒಂದು ಮಧ್ಯಾಹ್ನ, ಕೆಳಗೆ ಬಂಡೆ ಸಿಡಿಯಿತು. ಮೇಲೆ ಪೇಟೆಯಲ್ಲಿ ಗೂಡಿನ ಪಾತ್ರೆಗಳು ಉರುಳಿಬಿದ್ದವು. ಒಂದು ಸುರಂಗ ಪೂರ್ತಿ ಮುಚ್ಚಿಹೋಗಿತ್ತು. ಅದರೊಳಗಿದ್ದವನು ಒಬ್ಬನೇ, ಬೂದಿಕೋಟೆ ಕಡೆಯ ಕೋದಂಡಪ್ಪ. ಇನ್ನಾಸಪ್ಪ, ಆರುಮುಗಂ ಮತ್ತು ಒಬ್ಬ ಅಧಿಕಾರಿಯೂ ಸೇರಿ ಇನ್ನು ನಾಲ್ವರು ಅವನನ್ನು ತೆಗೆಯಲು ಹೋದರು. ಕುಸಿದ ಕಲ್ಲುಗಳ ನಡುವಿನಿಂದ ಗಾಳಿ ಪೈಪೊಂದು ಒಳಕ್ಕೆ ಹೋಗಿತ್ತು. ಅಧಿಕಾರಿ ಎಲ್ಲರನ್ನೂ ಸುಮ್ಮನಿರಿಸಿ, ಇನ್ನಾಸಪ್ಪನನ್ನು ಮುಂದೆ ಕರೆದು, ಪೈಪಿಗೆ ಕಿವಿಯಿಡಲು ಹೇಳಿದ.

ಅವನು ಕಿವಿಯಿಟ್ಟ. ಮೂರು ಸಲ ಟಕ್ಕೆಂದಿತು. ನಿಂತಿತು. ಮತ್ತೆ ಮೂರು ಸಲ.

ಅದೇ ಹೊತ್ತಿಗೆ ಅವನ ತಲೆಯ ಮೇಲಿನ ಚಾವಣಿಯಿಂದ ಸಣ್ಣ ಪುಡಿ ಉದುರಿ ಕುತ್ತಿಗೆಯೊಳಕ್ಕೆ ಇಳಿಯಿತು. ಒಳಗೆ ಹೋಗುವುದಾದರೆ ಎಲ್ಲರಿಗಿಂತ ಮೊದಲು ದಿಮ್ಮಿ ಹಿಡಿದು ನುಗ್ಗಬೇಕಾದವನು ತಾನೇ. ಚಿಕ್ಕ ಮಗಳ ಮುಖ ಕಣ್ಣ ಮುಂದೆ ಬಂತು.

"ಏನೂ ಇಲ್ಲ ಸಾರ್" ಎಂದ. "ಬಂಡೆ ಕುಂತ್ಕೊಳ್ಳೋ ಸದ್ದು."

ಅವರು ಹಿಂದೆ ಸರಿದರು. ಅರ್ಧ ಗಂಟೆಯಲ್ಲಿ ಎರಡನೆಯ ಸಿಡಿತವಾಗಿ, ಅವರು ನಿಂತಿದ್ದ ಜಾಗವೂ ಮುಚ್ಚಿಹೋಯಿತು. ನಿನ್ನ ಒಂದು ಮಾತಿನಿಂದ ನಾವು ಆರು ಜನ ಬದುಕಿದೆವು ಎಂದು ಆರುಮುಗಂ ಅವನ ಕೈ ಹಿಡಿದುಕೊಂಡು ಅತ್ತ. ಕೋದಂಡಪ್ಪನ ದೇಹ ಸಿಕ್ಕಿದ್ದು ಒಂಬತ್ತು ದಿನದ ನಂತರ. ಮೊದಲ ಏಟಿಗೇ ಪ್ರಾಣ ಹೋಗಿದೆ, ನೋವೇ ಗೊತ್ತಾಗಿರಲಿಕ್ಕಿಲ್ಲ ಎಂದು ಅವನ ಹೆಂಡತಿ ತಾಯಮ್ಮನಿಗೆ ಎಲ್ಲರೂ ಹೇಳಿದರು. ಇನ್ನಾಸಪ್ಪನೂ ತಲೆಯಾಡಿಸಿದ.

ಬಂಡೆ ಸಿಡಿದ ಮಾರನೆಯ ಬೆಳಗ್ಗೆ ಗೋಣಿಚೀಲದ ಮೇಲೆ ಕೂತು, ಹೆಸರು ಹೇಳಿ, ಹೆಸರನ್ನು ಬಿಟ್ಟು, ಕಿವಿಗೊಟ್ಟ. ಟಕ್, ಟಕ್, ಟಕ್. ಕಣ್ಣು ಬಿಟ್ಟು ನೋಡಿದರೆ ಸಗಾಯಮ್ಮ ಹಿತ್ತಲಲ್ಲಿದ್ದಳು. ಒಲೆ ಇನ್ನೂ ಹೊತ್ತಿರಲಿಲ್ಲ. ಅಂದಿನಿಂದ ದಿನಕ್ಕೆ ಎರಡು ಹೊತ್ತು ಹಾಗೆಯೇ. ಬೇರೆ ಹೊತ್ತಿನಲ್ಲಿ ಕೇಳಿಸುತ್ತಿರಲಿಲ್ಲ. ಮನಸ್ಸು ತಿಳಿಯಾಗಿ ತಳ ಕಾಣಿಸುವ ಹೊತ್ತಿಗೆ ಸರಿಯಾಗಿ, ಆ ತಳದಿಂದಲೇ ಸದ್ದು ಮೇಲೆ ಬರುತ್ತಿತ್ತು.

ಪಾಪನಿವೇದನೆ ಮಾಡಿದ. ಚರ್ಚಿನ ಸ್ವಾಮಿಗಳು ಕ್ಷಮಾಪಣೆಯ ಮಾತು ಹೇಳಿ, ಸ್ವಲ್ಪ ಕಾಲ ಮೌನ ಪ್ರಾರ್ಥನೆ ಬೇಡ, ಹೆಂಡತಿ ಮಕ್ಕಳ ಜೊತೆ ಮಣಿ ಎಣಿಸುತ್ತ ಗಟ್ಟಿಯಾಗಿ ಜಪಸರ ಮಾಡು ಎಂದರು. ಅವನು ಮಾಡಿದ. ಸದ್ದು ನಿಂತಿತು. ಆದರೆ ಆರು ತಿಂಗಳಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಮೌನದಲ್ಲಿ ಪಕ್ಕಕ್ಕೆ ಬಂದು ಕೂರುತ್ತಿದ್ದವನೂ ಬರುವುದನ್ನು ನಿಲ್ಲಿಸಿದ್ದ. ಬೆರಳು ಮಣಿ ಎಣಿಸುತ್ತಿತ್ತು, ಒಳಗೆ ಮನೆ ಖಾಲಿಯಿತ್ತು. ಅವನೂ ಆ ತಟ್ಟುವವನೂ ಒಂದೇ ಬಾಗಿಲಿಂದ ಬರುತ್ತಾರೆ, ಒಬ್ಬನಿಗೆ ಬಾಗಿಲು ಹಾಕಿದರೆ ಇನ್ನೊಬ್ಬನಿಗೂ ಹಾಕಿದ ಹಾಗೆ, ಎಂದುಕೊಂಡು ಅವನು ಮತ್ತೆ ಗೋಣಿಚೀಲ ಹಾಸಿದ.

ಹಾಗೆ ಎಂಟು ವರ್ಷ. ತೆಳ್ಳಗಾದ. ಮಾತು ಕಡಿಮೆಯಾಯಿತು. ಊಟಕ್ಕೆ ಕೂತಾಗ ಮಕ್ಕಳು ತಟ್ಟೆಗೆ ಲೋಟ ತಾಗಿಸಿದರೆ ಎದ್ದು ಹೊರಗೆ ಹೋಗುತ್ತಿದ್ದ. ಕೊನೆಗೆ ಎಂಬತ್ತನಾಲ್ಕರಲ್ಲಿ, ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಶುಕ್ರವಾರ, ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬೂದಿಕೋಟೆ ಬಸ್ಸು ಹಿಡಿದ. ತಾಯಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟರೆ ಮುಗಿಯುತ್ತದೆ ಎಂದು ಅವನು ನಂಬಿದ್ದ.

ತಾಯಮ್ಮ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದಳು. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುತ್ತಿದ್ದ ಹೆಂಗಸು. ಪೈಪಿನಲ್ಲಿ ಕೇಳಿದ್ದನ್ನೂ, ಈಗಲೂ ದಿನಾ ಆ ಸದ್ದಿನ ಮುಂದೆ ಕೂರುವುದನ್ನೂ ಅವನು ನಿಂತಲ್ಲೇ ನಿಂತು ಹೇಳಿದ. ಅವಳು ಕೈಯ ಹುಲ್ಲನ್ನು ಕೆಳಗಿಡದೆ ಕೇಳಿದಳು. ಎಷ್ಟು ಸಲ ತಟ್ಟಿದ ಎಂದು ವಿಚಾರಿಸಿದಳು. ಮೂರು ಮೂರು ಸಲ ಎಂದ. ಅವಳು ಕೈಯ ಹುಲ್ಲನ್ನು ಹಸುವಿನ ಮುಂದೆ ಹಾಕಿದಳು.

"ಒಂದೇ ಏಟ್ಗೆ ವೋದ ಅಂತ ಏಳಿದ್ರಿ" ಎಂದಳು ಆಮೇಲೆ. "ಅದನ್ನ ನಂಬ್ಕೊಂಡು ಎಂಟು ವರ್ಸ ನಿದ್ದೆ ಮಾಡಿವ್ನಿ. ಇವತ್ತು ಅದನ್ನೂ ಕಿತ್ಕೊಂಡು ವೋಗಾಕೆ ಬಂದಾ?"

ಇನ್ನಾಸಪ್ಪ ಬಂದ ದಾರಿಯಲ್ಲೇ ಹಿಂತಿರುಗಿದ. ಬಸ್ಸಿನಲ್ಲಿ ಕೂತು ಬರುವಾಗ, ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಒಬ್ಬ ಹೆಂಗಸಿನ ತಲೆಯ ಮೇಲೆ ಇಟ್ಟು ಬಂದೆನೆಂದು ತಿಳಿಯಿತು. ತನ್ನ ಭಾರ ಅದರಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆ ಶುಕ್ರವಾರದಿಂದ, ಕ್ಷಮಿಸು ಎಂದು ದೇವರನ್ನು ಕೇಳುವುದನ್ನು ಅವನು ಬಿಟ್ಟ. ಆ ಹೆಂಗಸಿಗೆ ನಿದ್ದೆ ಕೊಡು ಎಂದಷ್ಟೇ ಕೇಳಿ, ಆಮೇಲೆ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ.

ಸುಗ್ಗಿ ಕಳೆದ ಮೇಲೆ ಒಂದು ಬೆಳಗ್ಗೆ ತಾಯಮ್ಮ ದಾರಿ ಕೇಳಿಕೊಂಡು ಅವನ ಮನೆಗೆ ಬಂದಳು. ಮುಖ ಬತ್ತಿಹೋಗಿತ್ತು. ಸಗಾಯಮ್ಮ ನೀರು ಕೊಟ್ಟಳು. ಅವಳು ಕುಡಿಯಲಿಲ್ಲ.

"ನಂಗೂ ಕೇಳಿಸ್ತೈತೆ" ಎಂದಳು. "ಒಬ್ಳೇ ಇದ್ರೆ ಎದೆ ಒಡ್ದೋಗ್ತೈತೆ. ನೀನು ಅದ್ರ ಮುಂದೆ ದಿನಾ ಕುಂತ್ಕಂತೀನಿ ಅಂದ್ಯಲ್ಲ, ಎಂಗೆ ಕುಂತ್ಕಂತೀಯ, ತೋರ್ಸು."

ಅವನು ಇನ್ನೊಂದು ಗೋಣಿಚೀಲ ತಂದು ಹಾಸಿದ. ಯೇಸುವಿನ ಹೆಸರು ಹೇಳೆಂದು ಅವಳಿಗೆ ಹೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಟ್ಟು, ಬರುವುದನ್ನು ಬರಲು ಬಿಡು, ಎದ್ದು ಓಡಬೇಡ ಎಂದ. ಇಬ್ಬರೂ ಗೋಡೆಗೆ ಮುಖ ಮಾಡಿ ಕೂತರು. ಸಗಾಯಮ್ಮ ಒಲೆ ಆರಿಸಿ ಹೊಸಿಲ ಮೇಲೆ ಕೂತಳು. ಅರ್ಧ ಗಂಟೆಯ ಮೇಲೆ ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ತಿಂಗಳಿಗೊಮ್ಮೆ ಮಾತ್ರ ತಪ್ಪದೆ ಬರುತ್ತಿದ್ದಳು. ಪೇಟೆಯಲ್ಲಿ ಗುಸುಗುಸು ಎದ್ದಾಗ, ಬಾಯಿ ಮುಚ್ಚಿಸಲು ಸಗಾಯಮ್ಮನೇ ಸಾಕಾಯಿತು.

ಐದನೆಯ ವರ್ಷ ಒಂದು ದಿನ ತಾಯಮ್ಮ ಎದ್ದವಳು, ಮೂರು ತಿಂಗಳಿಂದ ತನಗೆ ಏನೂ ಕೇಳಿಸುತ್ತಿಲ್ಲ, ರಾತ್ರಿ ಪೂರ್ತಿ ನಿದ್ದೆ ಬರುತ್ತಿದೆ ಎಂದಳು. ನಿನಗೆ ಎಂದು ಕೇಳಿದಳು. ಇನ್ನಾಸಪ್ಪ ನಕ್ಕ. ಅವನು ಹಾಗೆ ನಕ್ಕಿದ್ದನ್ನು ಸಗಾಯಮ್ಮ ನೋಡಿ ಹದಿಮೂರು ವರ್ಷಗಳಾಗಿದ್ದವು. ಅವನಿಗಿನ್ನೂ ಕೇಳಿಸುತ್ತಿದೆಯೆಂದು ಆ ನಗುವಿನಲ್ಲೇ ಸಗಾಯಮ್ಮನಿಗೆ ಗೊತ್ತಾಯಿತು.

ತೊಂಬತ್ತಮೂರರಲ್ಲಿ, ಅಪ್ಪನಿಗೆ ಬಂದ ಧೂಳಿನ ಕಾಯಿಲೆಯೇ ಅವನನ್ನೂ ತೆಗೆದುಕೊಂಡು ಹೋಯಿತು. ಸುದ್ದಿ ತಿಳಿದ ತಾಯಮ್ಮ ಮೊದಲ ಬಸ್ಸಿಗೆ ಬಂದಳು. ಹೆಣದ ಸುತ್ತ ಹೆಂಗಸರು ಗಟ್ಟಿಯಾಗಿ ಜಪಸರ ಹೇಳುತ್ತಿದ್ದರು. ಅವಳು ತಲೆಯ ಬಳಿ ಕೂತು, ಒಂದು ಸುತ್ತು ಮುಗಿಯುವವರೆಗೆ ಕಾದು, ಸಗಾಯಮ್ಮನ ಮೊಣಕೈ ಮುಟ್ಟಿದಳು.

"ವಸಿ ಒತ್ತು ಸುಮ್ಕಿರಾಕೆ ಏಳಕ್ಕ" ಎಂದಳು.

ಸಗಾಯಮ್ಮ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಣಿಗಳನ್ನು ಮಡಿಲಿಗೆ ಇಳಿಸಿದರು. ಶವಪೆಟ್ಟಿಗೆ ಹೊತ್ತು ತಂದವರು ಬಾಗಿಲ ಹೊರಗೇ ನಿಂತರು. ತಾಯಮ್ಮ ಬೆನ್ನು ನೆಟ್ಟಗೆ ಮಾಡಿ ಕೂತು ಕಿವಿಗೊಟ್ಟಳು. ಯಾರೂ ಕೆಮ್ಮಲಿಲ್ಲ.